ತಲೆ ಎತ್ತಿ ನೋಡಿದ ರಾವ್ನಾ

ಅಂಚೆಯ ರಾವ್ನಾಳ ಹಟ ಎಂಥದ್ದು ಎಂದು ಗೊತ್ತಾಗಬೇಕಾದರೆ ಬೀಜದ ಪಟ್ಟಿಯ ಕತೆಯಿಂದಲೇ ಶುರು ಮಾಡಬೇಕು. ಒಂದು ವರ್ಷ ಏಪ್ರಿಲ್ ಕೊನೆಯಲ್ಲಿ ದೆಯತ್ನು ಹೊಳೆಯ ಮಂಜುಗಡ್ಡೆ ಅಡಿಯಿಂದ ಕರಗಿ, ಮೇಲೆ ಕಾಲಿಟ್ಟರೆ ಗೊಣಗುವ ಹಾಗೆ ಆಗಿತ್ತು. ಆಚೆ ದಡದಲ್ಲಿ ಒಂಟಿಯಾಗಿದ್ದ ಮುದುಕನಿಗೆ ಬಂದದ್ದು ಒಂದೇ ಟಪಾಲು, ದಕ್ಷಿಣದ ಯಾವುದೋ ಅಂಗಡಿಯವರು ಕಳಿಸಿದ ಹೂವು ತರಕಾರಿ ಬೀಜಗಳ ಪಟ್ಟಿ. ಭೂಮಿಯ ಉತ್ತರ ತುದಿಗಿರುವ ನಮ್ಮ ಲುವೊಪ್ಪಲ್ ಊರಿನಲ್ಲಿ ಆಲೂಗಡ್ಡೆ ಬಿಟ್ಟು ಇನ್ನೇನೂ ಬೆಳೆಯುವುದಿಲ್ಲ, ಅದೂ ಮುನಿಸಿಕೊಂಡೇ ಬೆಳೆಯುತ್ತದೆ. ಗಡ್ಡೆ ಒಡೆದು ದೋಣಿ ಓಡಾಡುವವರೆಗೆ ಎರಡು ವಾರ ಕಾಯಬಹುದಿತ್ತು. ರಾವ್ನಾ ಕಾಯಲಿಲ್ಲ. ಎರಡು ಹಲಗೆ ತಂದು, ಒಂದರ ಮೇಲೆ ಬೋರಲು ಮಲಗಿ ಇನ್ನೊಂದನ್ನು ಮುಂದಕ್ಕೆ ತಳ್ಳುತ್ತ, ತೆವಳಿಕೊಂಡೇ ಹೊಳೆ ದಾಟಿದಳು. ಮುದುಕ ಪಟ್ಟಿಯನ್ನು ತಿರುವಿ ಮುರುವಿ ನೋಡಿ, "ನಂಗೆ ಓದೋಕ್ ಬರಲ್ವಲ್ಲೇ ತಾಯಿ" ಅಂದ. "ಚಿತ್ರ ಇದಾವೆ, ನೋಡ್ಕೋ" ಅಂದು ಅವಳು ಬಂದ ದಾರಿಯಲ್ಲೇ ತೆವಳಿಕೊಂಡು ವಾಪಸಾದಳು.

ಇಪ್ಪತ್ತೊಂದು ವರ್ಷ ಅವಳು ಹೀಗೆಯೇ ಟಪಾಲು ಹಂಚಿದಳು. ಚಳಿಗಾಲದಲ್ಲಿ ಅವಳ ವಾಹನ ಒದೆಬಂಡಿ: ಎರಡು ಉದ್ದ ಕಬ್ಬಿಣದ ಪಟ್ಟಿಯ ಮೇಲೆ ಒಂದು ಕುರ್ಚಿ, ಹಿಂದೆ ನಿಂತು ಒಂದು ಕಾಲಿನಲ್ಲಿ ನೆಲ ಒದೆಯುತ್ತ ಹೋಗುವುದು. ಕುರ್ಚಿಯ ಮೇಲೆ ಅಂಚೆ ಚೀಲವನ್ನು ಮನುಷ್ಯರ ಹಾಗೆ ಕೂರಿಸಿ ಹಗ್ಗ ಕಟ್ಟುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದೋರೆಲ್ಲ ನಿಧಾನ" ಎನ್ನುತ್ತಿದ್ದಳು.

ಇಂಥ ಹೆಂಗಸು, ನಲವತ್ತೇಳು ವರ್ಷ ತುಂಬುವವರೆಗೆ, ತನ್ನ ನೆತ್ತಿಯ ಮೇಲೆ ಚಳಿಗಾಲವೆಲ್ಲ ಆಕಾಶದಲ್ಲಿ ಹಸಿರಾಗಿ ಆಡುತ್ತಿದ್ದ ಉತ್ತರಧ್ರುವದ ಬೆಳಕನ್ನು ಒಂದು ಸಲವೂ ಕಣ್ಣೆತ್ತಿ ನೋಡಿರಲಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಆ ಬೆಳಕನ್ನು ನೋಡಲೆಂದೇ ದುಡ್ಡು ಸುರಿದುಕೊಂಡು ದೂರದ ದೇಶಗಳಿಂದ ಜನ ಬರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ನೀವು ಅಂದುಕೊಂಡರೆ ತಪ್ಪು. ಅಸಡ್ಡೆಯಿಂದ ನೋಡದೆ ಇದ್ದವಳಲ್ಲ ಅವಳು, ಹೆದರಿ ನೋಡದೆ ಇದ್ದವಳು.

ಹಿಮಸಾರಂಗ ಮೇಯಿಸುವ ಸಾಮಿ ಜನ ನಾವು; ನಮ್ಮ ಮಾತಿನಲ್ಲಿ ಆ ಬೆಳಕಿನ ಹೆಸರಿಗೆ 'ಕೇಳಿಸುವ ಬೆಳಕು' ಎಂದೇ ಹಿರಿಯರು ಅರ್ಥ ಹೇಳುತ್ತಿದ್ದರು. ಅದು ಬಂದಾಗ ಸಿಳ್ಳೆ ಹಾಕಬಾರದು, ಬಿಳಿ ಬಟ್ಟೆ ಬೀಸಬಾರದು, ಹಿಮಸಾರಂಗದ ಕೊರಳ ಗಂಟೆಗೂ ಚಿಂದಿ ಸುತ್ತಬೇಕು. ಹೆಂಗಸರಿಗಂತೂ ಇನ್ನೂ ಬಿಗಿ. ತಲೆ ಮುಚ್ಚಿಕೊಂಡು, ಮುಖ ತಗ್ಗಿಸಿಕೊಂಡು ಒಳಗೆ ಬರಬೇಕು. ಬರಿತಲೆ ಕಂಡರೆ ಅದು ಕೈ ಚಾಚಿ ಕೂದಲು ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತದೆ. ಗಂಡಸರಿಗೆ ಈ ಕಟ್ಟಳೆ ಇಲ್ಲ. ಅವರು ಅದೇ ಬೆಳಕಿನಲ್ಲಿ ಹಿಂಡು ಕಾಯುತ್ತಿದ್ದರು. ಈಗಿನ ಹುಡುಗಿಯರು ಟೋಪಿಯೇ ಹಾಕುವುದಿಲ್ಲ, ಅವರಿಗೇನೂ ಆಗಿಲ್ಲವಲ್ಲ ಎಂದು ಯಾರಾದರೂ ಅಂದರೆ ರಾವ್ನಾಳ ದೊಡ್ಡಮ್ಮ ಗಾರೆನ್ ಹತ್ತಿರ ಉತ್ತರ ಸಿದ್ಧವಿತ್ತು. "ಈಗ ತಲೆ ಜಾಸ್ತಿ ಆಗಿದಾವೆ. ಅದಕ್ಕೂ ಒಂದೊಂದಾಗಿ ಹಿಡಿಯೋಕೆ ಪುರುಸೊತ್ತು ಬೇಡ್ವಾ?"

ಗಾರೆನ್ ದೊಡ್ಡಮ್ಮ ತಮಾಷೆ ಮಾಡುತ್ತಿರಲಿಲ್ಲ. ರಾವ್ನಾಳಿಗೆ ನಾಲ್ಕು ವರ್ಷವಿದ್ದಾಗ ಅವಳ ತಾಯಿ ಮಾರ್ಯಾ ಸತ್ತುಹೋದಳು. ಸಾಯುವುದಕ್ಕೆ ಕೆಲವು ದಿನ ಮುಂಚಿನ ಒಂದು ಸಂಜೆ ಅಕ್ಕತಂಗಿಯರಿಬ್ಬರೂ ಒಲೆಯ ಮುಂದೆ ಕೂತಿದ್ದರು. ಮಾರ್ಯಾ ಹೊಸದಾಗಿ ಹೊಲಿದುಕೊಂಡಿದ್ದ ಕೆಂಪು ಉಣ್ಣೆಯ ಟೋಪಿಯನ್ನು ಅಕ್ಕ ತನ್ನ ತಲೆಗೆ ಹಾಕಿಕೊಂಡು, "ನಂಗೇ ಚೆನ್ನಾಗಿ ಒಪ್ಪುತ್ತೆ, ಕೊಡಲ್ಲ ಹೋಗು" ಎಂದು ಆಡಿಸುತ್ತಿದ್ದಳು. ಹೊರಗೆ ನಾಯಿಗಳು ಜಗಳಕ್ಕೆ ಬಿದ್ದವು. ಮಾರ್ಯಾ ನಗುತ್ತ ಹಾಗೇ ಬರಿತಲೆಯಲ್ಲಿ ಅಂಗಳಕ್ಕೆ ಓಡಿದಳು. ಆಕಾಶವೆಲ್ಲ ಬೆಳಕು. ಮರುದಿನ ಅವಳಿಗೆ ಜ್ವರ ಬಂತು, ಎಂಟನೆಯ ದಿನಕ್ಕೆ ಉಸಿರು ನಿಂತಿತು.

ಅಂದಿನಿಂದ ಆ ಟೋಪಿ ಮಗುವಿನ ತಲೆಗೆ ಬಂತು. ಮೊದಲು ಅದು ರಾವ್ನಾಳ ಗಲ್ಲದವರೆಗೆ ಇಳಿಯುತ್ತಿತ್ತು, ಆಮೇಲೆ ಹುಬ್ಬಿಗೆ ಬಂದು ನಿಂತಿತು. ಮಹಾಯುದ್ಧದ ಕೊನೆಯಲ್ಲಿ ಹಿಂದೆ ಸರಿಯುತ್ತಿದ್ದ ಸೈನ್ಯ ಊರಿಗೂರೇ ಸುಟ್ಟಾಗ ದೊಡ್ಡಮ್ಮ ಮನೆಯಿಂದ ಹೊರಗೆ ತಂದದ್ದು ಎರಡೇ ವಸ್ತು, ಕಾಫಿ ಕುದಿಸುವ ಪಾತ್ರೆ ಮತ್ತು ಆ ಟೋಪಿ. ಮಾರ್ಯಾಳ ಒಂದು ಫೋಟೋ ಕೂಡ ಎಲ್ಲೂ ಇಲ್ಲ. ರಾವ್ನಾಳಿಗೆ ಅಮ್ಮ ಎಂದರೆ ಹಣೆಯ ಮೇಲೆ ಕೊರೆಯುವ ಉಣ್ಣೆಯ ಅಂಚು, ಅಷ್ಟೇ.

ಎಪ್ಪತ್ತೆಂಟನೆಯ ಇಸವಿಯ ಅಕ್ಟೋಬರಿನಲ್ಲಿ ದೊಡ್ಡಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುತ್ತಿದೆ, ಇನ್ನು ತಡೆಯುವ ಉಪಾಯವಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ದೂರದ್ದು ಇನ್ನು ಕಾಣುವುದಿಲ್ಲ. ಮುಖದ ಹತ್ತಿರ ಹಿಡಿದು, ದೀಪದ ಕೆಳಗಿಟ್ಟು, ಭೂತಗನ್ನಡಿಯಲ್ಲಿ ನೋಡಿದರೆ ವಸಂತದವರೆಗೆ ಕಂಡೀತು. ಆಮೇಲೆ ಅದೂ ಇಲ್ಲ.

ವಾಪಸು ಬರುವ ಬಸ್ಸಿನಲ್ಲಿ ರಾವ್ನಾ ಕೇಳಿದಳು. "ದೊಡ್ಡಮ್ಮ, ಕಣ್ಣಿರೋವಾಗ ಏನ್ ನೋಡ್ಬೇಕು ಅಂತಿದೆ, ಹೇಳು. ಸಮುದ್ರ ತೋರಿಸ್ಲಾ?"

"ಸಮುದ್ರ ಏನ್ ನೋಡೋದು, ನೀರು."

"ಮತ್ತೆ?"

"ನಿಮ್ಮಮ್ಮನ್ನ ಕರ್ಕೊಂಡ್ ಹೋಯ್ತಲ್ಲ, ಅದರ ಮುಖ ನೋಡ್ಬೇಕು." ದೊಡ್ಡಮ್ಮ ಇದನ್ನು ಉಪ್ಪು ತರಬೇಕು ಎನ್ನುವ ಧ್ವನಿಯಲ್ಲಿ ಹೇಳಿದಳು. "ಎಪ್ಪತ್ತಾರು ವರ್ಷ ಅದರ ಕೆಳಗೆ ತಲೆ ಬಗ್ಗಿಸ್ಕೊಂಡ್ ಓಡಾಡಿದೀನಿ. ಸಾಯೋಕ್ ಮುಂಚೆ ಅದರ ಕೈ ಹೇಗಿದಾವೆ ಅಂತ ಒಂದ್ಸಲ ನೋಡ್ಬೇಕು ಕಣೇ. ಟೋಪಿ ನನ್ನ ತಲೆ ಮೇಲಿತ್ತು, ಅವಳು ಬರಿತಲೇಲಿ ಹೋದ್ಲು."

ಈ ಕೊನೆಯ ಮಾತನ್ನು ರಾವ್ನಾ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು. ಊಟದ ನಡುವೆ, ಪ್ರಾರ್ಥನೆ ಮುಗಿದ ಮೇಲೆ, ನಿದ್ದೆಯಲ್ಲಿ ಕೂಡ ಅದು ಬರುತ್ತಿತ್ತು. ಆದರೆ ನೋಡಬೇಕು ಎಂದದ್ದು ಅದೇ ಮೊದಲು. ಆಕಾಶ ನೋಡುವ ಕಣ್ಣು ದೊಡ್ಡಮ್ಮನಿಗೆ ಉಳಿದಿಲ್ಲ. ಕಾಗದ ನೋಡುವ ಕಣ್ಣು ಇನ್ನೂ ಇದೆ, ಅದೂ ವಸಂತದವರೆಗೆ. ಹಾಗಾದರೆ ಬೆಳಕನ್ನು ಕಾಗದದ ಮೇಲೆ ಇಳಿಸಬೇಕು. ಬಸ್ಸು ಊರು ಮುಟ್ಟುವಷ್ಟರಲ್ಲಿ ಅವಳು ತೀರ್ಮಾನ ಮಾಡಿಯಾಗಿತ್ತು.

ಅಂಗಡಿಯ ಯೋವ್ನಾ ಹತ್ತಿರ ಕ್ಯಾಮೆರಾ ಇತ್ತು. ಸುತ್ತಲಿನ ಮದುವೆಗಳ ಫೋಟೋ ಎಲ್ಲ ಅವನೇ ತೆಗೆಯುತ್ತಿದ್ದದ್ದು. ಈಚೆಗೆ ಕೈ ನಡುಗುತ್ತದೆಂದು ಬಿಟ್ಟಿದ್ದ.

"ಬೆಳಕಿನ ಫೋಟೋನಾ?" ಅವನು ಗಟ್ಟಿಯಾಗಿ ನಕ್ಕ. "ಅಲ್ಲಮ್ಮ, ಅಂಗಡೀಲಿ ಪೋಸ್ಟ್‌ಕಾರ್ಡು ನೇತಾಕಿದೀನಿ, ಹಸಿರು ಬೆಳಕು, ಕೆಳಗೆ ಗುಡಾರ, ಎಲ್ಲ ಇದೆ. ಒಂದ್ ತಗೊಂಡ್ ಹೋಗಿ ಮುದುಕೀಗೆ ತೋರ್ಸು."

"ತೋರ್ಸಿದೆ ಯೋವ್ನಣ್ಣ. ಅದು ಬೇರೆ ಊರಿನ ಬೆಳಕಂತೆ. ನಮ್ಮಮ್ಮನ್ನ ಹಿಡಿದಿದ್ದು ನಮ್ಮ ಅಂಗಳದ್ದಂತೆ."

ಯೋವ್ನಾ ನಗು ನಿಲ್ಲಿಸಿ ಕ್ಯಾಮೆರಾ ತೆಗೆದು ಕೊಟ್ಟ. ಫಿಲಂ ಹಾಕುವುದು, ಸುತ್ತುವುದು, ಒತ್ತುವುದು ಎಲ್ಲ ತೋರಿಸಿದ. ಮನೆಯಲ್ಲಿ ದೊಡ್ಡಮ್ಮ ಕ್ಯಾಮೆರಾವನ್ನು ಮುಟ್ಟಿ, ಮೂಸಿ, ಒಂದು ಪ್ರಶ್ನೆ ಕೇಳಿದಳು. "ಫೋಟೋದಲ್ಲಿರೋದು ನನ್ನ ನೋಡುತ್ತಾ?"

"ಇಲ್ಲ. ನೀನು ಮಾತ್ರ ನೋಡ್ತೀಯ."

"ಹಾಗಾದ್ರೆ ಸರಿ. ಆದ್ರೆ ನೀನು ಟೋಪಿ ತೆಗೀಬಾರ್ದು. ಮಾತು ಕೊಡು." ರಾವ್ನಾ ಮಾತು ಕೊಟ್ಟಳು.

ನವೆಂಬರ್ ಕೊನೆಗೆ ಸೂರ್ಯ ಹೋಗಿಬಿಟ್ಟ. ಹಾಗೆ ಹೋದವನು ನಮ್ಮಲ್ಲಿ ಜನವರಿ ನಡುವಿಗೇ ಬರುವುದು. ಮಧ್ಯಾಹ್ನ ಮೂರಕ್ಕೆಲ್ಲ ಕಗ್ಗತ್ತಲು. ಒಂದು ಸಂಜೆ ನಾಲ್ಕರ ಹೊತ್ತಿಗೆ ರಾವ್ನಾ ನಮ್ಮ ಕಡೆಯ ರೂಢಿಯಂತೆ ಕಾಫಿಗೆ ಒಣಗಿಸಿದ ಮಾಂಸದ ಚೂರು ಹಾಕಿಕೊಂಡು ಕುಡಿಯುತ್ತಿದ್ದಾಗ ದೊಡ್ಡಮ್ಮ ಕೈ ಎತ್ತಿ ಸುಮ್ಮನಿರು ಎಂದಳು. ಅವಳ ಕಿವಿಗೆ ಅದು ಕೇಳಿಸುತ್ತಿತ್ತು. ಒಣ ಎಲೆಯ ಮೇಲೆ ಯಾರೋ ನಡೆದ ಹಾಗೆ ಎನ್ನುತ್ತಿದ್ದಳು. ರಾವ್ನಾಳಿಗೆ ಎಂದೂ ಕೇಳಿಸಿದ್ದಿಲ್ಲ, ಆದರೆ ದೊಡ್ಡಮ್ಮನ ಕಿವಿ ತಪ್ಪಿದ್ದೂ ಇಲ್ಲ. "ಬಂದಿದೆ," ಅಂದಳು ದೊಡ್ಡಮ್ಮ. "ಹೋಗು."

ಟೋಪಿಯನ್ನು ಹುಬ್ಬಿನ ಕೆಳಗೆ ಎಳೆದು, ಮೇಲೆ ಶಾಲು ಸುತ್ತಿಕೊಂಡು ರಾವ್ನಾ ಅಂಗಳಕ್ಕೆ ಬಂದಳು. ಕಾಲ ಬುಡದ ಹಿಮ ಹಸಿರಾಗಿತ್ತು. ಅವಳು ತಲೆ ತಗ್ಗಿಸಿಕೊಂಡೇ ಎರಡು ಕೈಯಿಂದ ಕ್ಯಾಮೆರಾವನ್ನು ತಲೆಯ ಮೇಲಕ್ಕೆ ಎತ್ತಿ, ನೆಲ ನೋಡುತ್ತಲೇ ಒತ್ತಿದಳು. ಸುತ್ತಿದಳು, ಒತ್ತಿದಳು. ಹೀಗೆ ಒಂದು ಸುರುಳಿ ಪೂರ್ತಿ. ಲೋಕದಲ್ಲಿ ಫೋಟೋ ತೆಗೆದವರು ಎಷ್ಟೋ ಜನ ಇರಬಹುದು, ತೆಗೆಯುವ ವಸ್ತುವಿಗೆ ಹೀಗೆ ತಲೆ ಬಾಗಿಸಿ ನಿಂತವಳು ಅವಳೊಬ್ಬಳೇ ಇರಬೇಕು.

ಸುರುಳಿಯನ್ನು ತನ್ನದೇ ಅಂಚೆ ಚೀಲಕ್ಕೆ ಹಾಕಿ, ಕಡಲ ತೀರದ ಪಟ್ಟಣಕ್ಕೆ ತೊಳೆಯಲು ಕಳಿಸಿದಳು. ಒಂದು ವಾರದ ಮೇಲೆ ಲಕೋಟೆಯನ್ನೂ ತಾನೇ ಬಸ್ಸಿನಿಂದ ಇಳಿಸಿಕೊಂಡಳು. ಒಳಗೆ ಒಂದೇ ಒಂದು ಪ್ರಿಂಟು ಇತ್ತು. ಕಪ್ಪು, ಮೂಲೆಯಲ್ಲಿ ಅವಳ ಹೆಬ್ಬೆರಳು. ಜೊತೆಗೆ ಒಂದು ಚೀಟಿ: ಉಳಿದವುಗಳಲ್ಲಿ ಚಿತ್ರವಿಲ್ಲ.

ಯೋವ್ನಾ ಆ ಪ್ರಿಂಟನ್ನು ಅಂಗಡಿಯಲ್ಲಿ ನಾಲ್ಕು ಜನರಿಗೆ ತೋರಿಸಿ ನಕ್ಕ. "ಹೆಬ್ಬೆಟ್ಟು ಮಾತ್ರ ಚೆನ್ನಾಗ್ ಬಂದಿದೆ ರಾವ್ನಾ. ಓದು ಬರದೋರು ಸಹಿ ಹಾಕಿದ ಹಾಗಿದೆ."

"ನಕ್ಕಿದ್ದಾಯ್ತಾ? ಈಗ ಹೇಗ್ ತೆಗೀಬೇಕು ಹೇಳು."

ಅವನು ಹೇಳಿದ. ಕತ್ತಲಲ್ಲಿ ಕ್ಯಾಮೆರಾದ ಕಣ್ಣು ರೆಪ್ಪೆ ಬಡಿದರೆ ಸಾಲದು, ಬಿಟ್ಟಕಣ್ಣು ಬಿಟ್ಟ ಹಾಗೇ ಇರಬೇಕು, ಅಷ್ಟು ಹೊತ್ತು ಅದು ಒಂದಿಷ್ಟೂ ಅಲ್ಲಾಡಬಾರದು. ಒಂದು ತಂತಿಯ ಗುಂಡಿಯನ್ನೂ ಕೊಟ್ಟ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಕಣ್ಣು ತೆರೆದಿರುತ್ತದೆ. ಕ್ಯಾಮೆರಾವನ್ನು ಬೆಚ್ಚಗಿನ ಮನೆಯೊಳಗೆ ತರಬೇಡ, ಗಾಜು ಬೆವರುತ್ತದೆ, ಉಗ್ರಾಣದಲ್ಲೇ ಇಡು ಎಂದ. ಇನ್ನು ಹೊತ್ತು ಅಳೆಯುವುದು ಹೇಗೆ? ಅವಳ ಕೈಗಡಿಯಾರ ಚಳಿಗೆ ನಿಂತುಹೋಗುತ್ತಿತ್ತು. ಉಪಾಯ ದೊಡ್ಡಮ್ಮನದೇ. 'ಪರಲೋಕದಲ್ಲಿರುವ ನಮ್ಮ ತಂದೆಯೇ'ಯಿಂದ 'ಆಮೆನ್'ವರೆಗೆ ಒಂದು ಸಲ ಹೇಳಿದರೆ ಸುಮಾರು ಅರ್ಧ ನಿಮಿಷವಾಗುತ್ತದೆ. ಫೋಟೋಗೆ ಬೇಕಾದದ್ದೂ ಅಷ್ಟೇ, ಹೆಂಗಸಿನ ರಕ್ಷಣೆಗೂ ಅದು ಒಳ್ಳೆಯದು.

ಡಿಸೆಂಬರ್ ನಡುವೆ ಮತ್ತೆ ಬೆಳಕು ಬಂತು. ರಾವ್ನಾ ಒದೆಬಂಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಅಂಚೆ ಚೀಲದ ಜಾಗದಲ್ಲಿ ಕ್ಯಾಮೆರಾವನ್ನು ಕಟ್ಟಿ, ಅದರ ಮೂತಿಯನ್ನು ಉಗ್ರಾಣದ ಮಾಡಿನ ಕಡೆಗೆ ಎತ್ತಿಟ್ಟಳು. ಟೋಪಿ, ಶಾಲು, ತಗ್ಗಿಸಿದ ತಲೆ. ಗುಂಡಿ ಒತ್ತಿ ಪ್ರಾರ್ಥನೆ ಹೇಳಿದಳು. ಆಮೆನ್. ಸರಕ್ಕನೆ ಸುತ್ತಿದಳು. ಮತ್ತೆ ಪ್ರಾರ್ಥನೆ, ಮತ್ತೆ ಸರಕ್. ನೆತ್ತಿಯ ಮೇಲೆ ಅದು ಇರುವಾಗ ಅವಳಿಗೆ ನಿಧಾನ ಮಾಡುವ ಧೈರ್ಯವಿರಲಿಲ್ಲ. ಹನ್ನೊಂದು ಪ್ರಾರ್ಥನೆ ಮುಗಿಸಿ ಒಳಗೆ ಓಡಿದಳು.

ಈ ಸಲ ಪ್ರಿಂಟುಗಳು ಬಂದವು. ಮಾಡು ಕಂಡಿತು, ಮಾಡಿನ ಮೇಲೆ ಹಸಿರು ಕಂಡಿತು. ಅವಳು ಕುಣಿಯುವುದೊಂದು ಬಾಕಿ. ದೀಪ ಹಚ್ಚಿ, ಭೂತಗನ್ನಡಿ ಕೊಟ್ಟು, ದೊಡ್ಡಮ್ಮನ ಮುಂದೆ ಇಟ್ಟಳು. ದೊಡ್ಡಮ್ಮ ಮೂಗು ತಾಗುವಷ್ಟು ಬಗ್ಗಿ ಒಂದು ಮೂಲೆಯಿಂದ ನೋಡುತ್ತ ಬಂದವಳು, ನಡುವೆ ತಲುಪಿ ಹಿಂದಕ್ಕೆ ಸರಿದಳು.

"ಕೈ," ಅಂದಳು.

ರಾವ್ನಾ ಬಗ್ಗಿ ನೋಡಿದಳು. ಹಸಿರಿನ ಮೇಲಿಂದ ಅಡ್ಡಲಾಗಿ, ಕವಲೊಡೆದು, ಬಿಳಿಯ ಸಣ್ಣ ಗೆರೆಗಳು ಚಾಚಿಕೊಂಡಿದ್ದವು. ಐದಾರು ಬೆರಳು, ಉದ್ದುದ್ದ, ಕೆಳಗಿನ ಮನೆಯ ಕಡೆಗೆ ಬಾಗಿದ ಹಾಗೆ. ಇನ್ನೊಂದು ಪ್ರಿಂಟಿನಲ್ಲೂ ಅವೇ. ಮೂರನೆಯದರಲ್ಲೂ. ಅವಳ ಬೆನ್ನಲ್ಲಿ ಚಳುಕು ಹರಿಯಿತು.

"ನಾನ್ ಹೇಳಿರ್ಲಿಲ್ವಾ?" ದೊಡ್ಡಮ್ಮ ಭೂತಗನ್ನಡಿ ಕೆಳಗಿಟ್ಟಳು. "ಇದೇ ಕೈ. ಇದೇ ಕೈಯಿಂದ ನನ್ನ ತಂಗೀನ... ಟೋಪಿ ನನ್ನ ತಲೆ ಮೇಲಿತ್ತು ಕಣೇ." ಪ್ರಿಂಟುಗಳನ್ನು ಬೋರಲು ಹಾಕಿ, "ಸಾಕು. ನೋಡಿದ್ದಾಯ್ತು. ಕ್ಯಾಮೆರಾ ವಾಪಸ್ ಕೊಟ್ಬಿಡು" ಅಂದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ರಾವ್ನಾ ಕ್ಯಾಮೆರಾ ವಾಪಸು ಕೊಡಲು ಹೋದದ್ದು ನಿಜ. ಯೋವ್ನಾ ಪ್ರಿಂಟನ್ನು ದೀಪಕ್ಕೆ ಹಿಡಿದ. ಈ ಸಲ ನಗಲಿಲ್ಲ.

"ಎಷ್ಟು ಜೋರಾಗಿ ಸುತ್ತಿದೆ?"

"ಆದಷ್ಟೂ ಜೋರಾಗಿ."

"ಅದಕ್ಕೇ. ಒಣ ಚಳೀಲಿ ಉಣ್ಣೆ ಅಂಗಿ ತೆಗೆದ್ರೆ ಚಟಪಟ ಅಂತ ಕಿಡಿ ಹಾರಲ್ವಾ? ಫಿಲಮ್ಮೂ ಹಾಗೇ. ಸರಕ್ಕಂತ ಎಳೆದ್ರೆ ಒಳಗೇ ಕಿಡಿ ಹಾರಿ ಬರೆ ಬೀಳುತ್ತೆ. ಈ ಕೈ ಆಕಾಶದ್ದಲ್ಲ ರಾವ್ನಾ, ನಿಂದು."

ಅವಳು ಕ್ಯಾಮೆರಾ ಕೊಡದೆ ಅಲ್ಲಿಂದ ನೇರ ಮನೆಗೆ ಬಂದು, ದೀಪ ಆರಿಸಿ, ದೊಡ್ಡಮ್ಮನ ಮುಖದ ಹತ್ತಿರ ನಿಂತು ಉಣ್ಣೆಯ ಅಂಗಿಯನ್ನು ಒಂದೇ ಎಳೆತಕ್ಕೆ ತೆಗೆದಳು. ಚಟಪಟ ಎಂದಿತು. ನೀಲಿ ಕಿಡಿಗಳು ಹಾರಿದವು. "ಕೇಳಿಸ್ತಾ? ಫೋಟೋದಲ್ಲಿ ಬಂದಿರೋದು ಇದೇ. ನಾನು ಅವಸರ ಮಾಡಿದ್ದಕ್ಕೆ ಆಗಿದ್ದು."

ದೊಡ್ಡಮ್ಮ ಕತ್ತಲಲ್ಲಿ ಕೈ ಚಾಚಿ ಅಂಗಿಯನ್ನು ಮುಟ್ಟಿ ನೋಡಿದಳು. "ಹಾಗಾದ್ರೆ ಅಂಗೀಲೂ ಅದು ಸೇರ್ಕೊಂಡಿದೆ ಅಂತಾಯ್ತು," ಅಂದಳು.

ಗೋಡೆಗೆ ಹೇಳಿದರೂ ಇಷ್ಟು ಗಟ್ಟಿ ಉತ್ತರ ಬರುತ್ತಿರಲಿಲ್ಲ. ರಾವ್ನಾಳಿಗೆ ಅಂಗಿಯನ್ನು ಒಲೆಗೆ ಎಸೆಯುವಷ್ಟು ಸಿಟ್ಟು ಬಂತು. ಆಮೇಲೆ ಹಾಸಿಗೆಯಲ್ಲಿ ಮಲಗಿ ಯೋಚಿಸಿದಾಗ ಸಿಟ್ಟು ತನ್ನ ಮೇಲೆಯೇ ತಿರುಗಿತು. ಕೈ ಇಲ್ಲ ಎಂದು ಹೇಳುತ್ತಿರುವವಳು ಯಾರು? ಒಂದು ಸಲವೂ ತಲೆ ಎತ್ತದವಳು. ಯೋವ್ನಾ ಹೇಳಿದ್ದನ್ನು ತಂದು ಒಪ್ಪಿಸಿದೆ, ಟಪಾಲು ಒಪ್ಪಿಸಿದ ಹಾಗೆ. ನನಗೇ ಗೊತ್ತಿಲ್ಲದ್ದನ್ನು ಅವಳು ಯಾಕೆ ನಂಬಬೇಕು? ಪ್ರಿಂಟಿನಲ್ಲಿ ಬೆರಳು ಕಂಡ ಕೂಡಲೇ ನನಗೂ ಚಳುಕು ಬರಲಿಲ್ಲವೇ? ಮೊದಲು ನಾನು ನೋಡಬೇಕು, ಆಮೇಲೆ ತೋರಿಸಬೇಕು ಎಂದು ಅವಳು ಗಟ್ಟಿ ಮಾಡಿಕೊಂಡಳು. ಕೊಟ್ಟ ಮಾತು ಮುರಿಯಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಜೀವಮಾನದಲ್ಲಿ ಅವಳು ಮಾತು ಮುರಿದವಳಲ್ಲ. ಆದರೂ ಮನಸ್ಸು ಬದಲಾಗಲಿಲ್ಲ.

ಕ್ರಿಸ್‌ಮಸ್ ಪೂರ್ತಿ ಮೋಡ. ಹೊಸ ವರ್ಷಕ್ಕೂ ಮೋಡ. ಈ ನಡುವೆ ದೊಡ್ಡಮ್ಮ ಪ್ರಾರ್ಥನೆಯ ಪುಸ್ತಕದಲ್ಲಿ ಸಾಲಿನ ಕೊನೆಯ ಪದಗಳನ್ನು ಬಿಡತೊಡಗಿದಳು, ಆಮೇಲೆ ಮೊದಲ ಪದಗಳನ್ನೂ. ರಾವ್ನಾ ಟಪಾಲು ಹಂಚುತ್ತ ಹೋಗುವಾಗ ಮನೆಮನೆಯವರೂ, "ಏನ್ ರಾವ್ನಾ, ಆಕಾಶದಿಂದ ಕಾಗದ ಬಂತಾ?" ಎಂದು ಕಿಚಾಯಿಸುತ್ತಿದ್ದರು. "ವಿಳಾಸ ಸರಿ ಇಲ್ಲ ಅಂತ ವಾಪಸ್ ಹೋಗಿದೆ, ಮತ್ತೆ ಕಳಿಸ್ತಾರೆ" ಎನ್ನುತ್ತಿದ್ದಳು.

ಜನವರಿಯ ಎರಡನೆಯ ವಾರ, ಸಂಜೆ ಐದಕ್ಕೆ, ದೊಡ್ಡಮ್ಮ ಹೆಣೆಯುತ್ತಿದ್ದ ಕಾಲುಚೀಲ ಕೆಳಗಿಟ್ಟು ಕಿವಿ ನಿಮಿರಿಸಿದಳು. ಅಷ್ಟರಿಂದಲೇ ರಾವ್ನಾಳಿಗೆ ತಿಳಿಯಿತು. ನಾಯಿಗೆ ಅನ್ನ ಹಾಕಿ ಬರುತ್ತೇನೆಂದು ಎದ್ದಳು.

ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಉಗ್ರಾಣದಿಂದ ಕ್ಯಾಮೆರಾ ತಂದು ಒದೆಬಂಡಿಗೆ ಕಟ್ಟಿದಳು. ಶಾಲು ಬಿಚ್ಚಿ ಕುರ್ಚಿಗೆ ಹಾಕಿದಳು. ಟೋಪಿಯ ಮೇಲೆ ಕೈ ಇಟ್ಟಾಗ ಕೈ ಅಲ್ಲೇ ನಿಂತಿತು. ನಲವತ್ತಮೂರು ವರ್ಷದಿಂದ ಅದು ಅವಳ ತಲೆಯ ಮೇಲಿತ್ತು, ಈ ಬೆಳಕಿನ ಕೆಳಗೆ ಒಮ್ಮೆಯೂ ಇಳಿದಿರಲಿಲ್ಲ. ತಾಯಿ ಓಡಿಬಂದದ್ದು ಇದೇ ಅಂಗಳಕ್ಕೆ. ಹೊಳೆಯ ಮೇಲೆ ತೆವಳುವಾಗಲೂ ಅವಳಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ಅವಳು ಟೋಪಿ ತೆಗೆದು ಕೋಟಿನೊಳಗೆ ಎದೆಗೆ ಸೇರಿಸಿಕೊಂಡು, ತಲೆ ಎತ್ತಿದಳು.

ಮೊದಲು ಅವಳಿಗೆ ಅನಿಸಿದ್ದು, ಇದು ಇಷ್ಟು ದೊಡ್ಡದೇ ಎಂದು. ನೆಲದ ಮೇಲೆ ಕಾಣುತ್ತಿದ್ದ ಹಸಿರು ನೆರಳಿನಿಂದ ಅವಳು ಲೆಕ್ಕ ಹಾಕಿದ್ದದ್ದು ಒಂದು ಕಂಬಳಿಯಷ್ಟನ್ನು. ಇದು ಹೊಳೆಯ ಆಚೆಯ ಗುಡ್ಡದಿಂದ ಎದ್ದು, ಊರನ್ನೆಲ್ಲ ದಾಟಿ, ಚರ್ಚಿನ ಹಿಂದೆ ಇಳಿದಿತ್ತು. ತೊಳೆದು ಹರವಿದ ಬಟ್ಟೆಯನ್ನು ಗಾಳಿ ಆಡಿಸುವ ಹಾಗೆ ಅದು ಮೆಲ್ಲಗೆ ಮಡಿಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ಅಂಚಿನಲ್ಲಿ ಒಂದಿಷ್ಟು ನಸುಗೆಂಪು ಓಡಿ ಹೋಯಿತು. ಅವಳು ಅದರ ಕೈ ಹುಡುಕಿದಳು. ಈ ತುದಿಯಿಂದ ಆ ತುದಿಯವರೆಗೆ, ಮನೆ ನಂಬರು ಹುಡುಕುವ ಹಾಗೆ, ಒಂದು ಮಡಿಕೆಯನ್ನೂ ಬಿಡದೆ ಹುಡುಕಿದಳು. ಕೈ ಇರಲಿಲ್ಲ. ಅದು ಅವಳ ಕಡೆಗೆ ನೋಡುತ್ತಲೂ ಇರಲಿಲ್ಲ. ತನ್ನ ಪಾಡಿಗೆ ತಾನಿತ್ತು. ಇಷ್ಟು ವರ್ಷ ಇದನ್ನು ಬಿಟ್ಟು ನೆಲ ನೋಡಿದೆನಲ್ಲ ಎಂದು ಅವಳಿಗೆ ದುಃಖ ಉಕ್ಕಿಬಂತು. ಅತ್ತರೆ ರೆಪ್ಪೆ ಅಂಟಿಕೊಳ್ಳುವ ಚಳಿ, ಅದಕ್ಕೆ ನುಂಗಿಕೊಂಡಳು.

ಆಮೇಲೆ ಕೆಲಸ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ನೋಡಿ, ಉಗ್ರಾಣ ಒಂದು ಬದಿಗೆ, ಬರ್ಚ್ ಮರ ಒಂದು ಬದಿಗೆ, ನಡುವೆ ಅದು ಬರುವಂತೆ ಕಟ್ಟಿದಳು. ಟೋಪಿಯ ಅಂಚು ಅಡ್ಡ ಬರಲಿಲ್ಲ. ಪ್ರಾರ್ಥನೆ ಹೇಳಿದಳು. ಆಮೆನ್ ಅಂದ ಮೇಲೆ, ಸುತ್ತುವ ಕೀಲಿಯನ್ನು ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವಷ್ಟು ನಿಧಾನವಾಗಿ ಸರಿಸಿದಳು. ಮತ್ತೆ ಪ್ರಾರ್ಥನೆ. ಬೆರಳು ಸೆಟೆದವು, ಕಿವಿ ಮೊದಲು ಉರಿದು ಆಮೇಲೆ ಇಲ್ಲವಾದವು. ಏಳು ಪ್ರಾರ್ಥನೆಗೆ ಏಳು ಫೋಟೋ ತೆಗೆದಳು. ಆ ವಾರ ಇನ್ನೂ ಎರಡು ಸಂಜೆ, ಫೋಟೋ ತೆಗೆಯದೆ ಬರೀ ನೋಡುತ್ತ ನಿಂತು, ನಾಯಿಗೆ ಅನ್ನ ಹಾಕುವುದಕ್ಕೆ ಹಾಗೆಯೇ ಬಹಳ ಹೊತ್ತು ಹಿಡಿಯಿತು. ದೊಡ್ಡಮ್ಮ ಏನೂ ಕೇಳಲಿಲ್ಲ. ನಾಯಿ ಮಾತ್ರ ದಪ್ಪಗಾಗಲಿಲ್ಲ.

ಹಿಮ ಬಿದ್ದು ದಾರಿ ಮುಚ್ಚಿ, ಪ್ರಿಂಟುಗಳು ಬಂದದ್ದು ಫೆಬ್ರವರಿ ಮುಗಿಯುತ್ತಿದ್ದಾಗ. ಅಷ್ಟರಲ್ಲಿ ದೊಡ್ಡಮ್ಮನ ನೋಟ ಸೂಜಿಯ ಕಣ್ಣಿನಷ್ಟಾಗಿತ್ತು. ರಾವ್ನಾ ಲಕೋಟೆಯನ್ನು ದಾರಿಯಲ್ಲಿ ಒಡೆಯಲಿಲ್ಲ. ಉಳಿದ ಟಪಾಲು ಹಂಚಿ, ಸಂಜೆ ಮನೆಗೆ ಬಂದು, ಮೇಜಿನ ದೀಪಕ್ಕೆ ಹೊಸದಾಗಿ ತಂದ ದೊಡ್ಡ ಬಲ್ಬು ಹಾಕಿದಳು. "ದೊಡ್ಡಮ್ಮ, ಬಾ. ನೋಡು."

"ನಾನು ಆಗ್ಲೇ ನೋಡಿದೀನಿ."

"ನೋಡಿದ್ದು ನನ್ನ ಅವಸರಾನ. ಈಗ ಅದನ್ನ ನೋಡು. ನಿನ್ನ ಕಣ್ಣಿಗೆ ಇನ್ನೆಷ್ಟು ದಿನ ಇದೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಬಾ ಅಂದ್ರೆ ಬಾ."

ಆ ಧ್ವನಿಗೆ ದೊಡ್ಡಮ್ಮ ಬಂದು ಕೂತಳು. ಭೂತಗನ್ನಡಿಯನ್ನು ಪ್ರಿಂಟಿನ ಎಡಮೂಲೆಗೆ ಇಟ್ಟು, ಬೆರಳಗಲ ಬೆರಳಗಲ ಸರಿಸುತ್ತ ಹೋದಳು. ಒಲೆಯ ಮೇಲೆ ಕಾಫಿ ಕುದಿದು ಇಳಿಯಿತು.

"ಇದು ನಮ್ಮ ಉಗ್ರಾಣ."

"ಹೂಂ."

"ಮಾಡಿನ ಹಲಗೆ ಒಂದು ಎದ್ದಿದೆ, ಮೊಳೆ ಹೊಡಿಸ್ಬೇಕು." ಕನ್ನಡಿ ಸರಿಯಿತು. "ಇದು ಹಸಿರು. ಎಳೇ ಬರ್ಚ್ ಎಲೆ ಹಸಿರು, ಜೂನ್ ಮೊದಲನೇ ವಾರದ್ದು." ಮತ್ತೆ ಸರಿಯಿತು, ಮತ್ತೆ ಸರಿಯಿತು. ಬಲಮೂಲೆ ಮುಟ್ಟಿ, ಹಿಂದಕ್ಕೆ ಬಂದು, ಇನ್ನೊಮ್ಮೆ ಹೋಯಿತು. ಎರಡನೆಯ ಪ್ರಿಂಟು. ಮೂರನೆಯದು. ಏಳನ್ನೂ ನೋಡಿ ಮುಗಿಸಿ ಕನ್ನಡಿ ಕೆಳಗಿಟ್ಟಳು.

"ಇದಕ್ಕೆ ಕೈ ಎಲ್ಲಿದಾವೆ?"

"ಇಲ್ಲ ದೊಡ್ಡಮ್ಮ."

"ನೀನು ಸರಿಯಾಗಿ ನೋಡಿದ್ಯಾ?"

"ನೋಡಿದೀನಿ. ಬರಿತಲೇಲಿ ನಿಂತು ನೋಡಿದೀನಿ. ಮೂರು ಸಂಜೆ. ನಿಂಗೆ ಕೊಟ್ಟ ಮಾತು ಮುರಿದೆ."

ದೊಡ್ಡಮ್ಮ ಕೈ ಚಾಚಿ ಅವಳ ತಲೆ ಮುಟ್ಟಿದಳು, ಕೂದಲು ಅಲ್ಲೇ ಇದೆಯೇ ಎಂದು ನೋಡುವ ಹಾಗೆ. "ಏನೂ ಆಗ್ಲಿಲ್ವಾ?"

"ಕಿವಿ ತುದಿ ಸುಲಿದುಹೋಯ್ತು. ಇನ್ನೂ ಉರೀತಿದೆ."

"ಟೋಪಿ ನನ್ನ ತಲೆ ಮೇಲಿತ್ತು," ಅಂದಳು ದೊಡ್ಡಮ್ಮ, ಎಂದಿನ ಹಾಗೆ. ಆದರೆ ಎಂದಿನ ಹಾಗೆ ಅಲ್ಲಿಗೆ ನಿಲ್ಲಿಸಲಿಲ್ಲ. "ಅವಳ ತಲೆ ಮೇಲೇ ಇದ್ದಿದ್ರೆ?"

"ಇದ್ದಿದ್ರೂ ಅಷ್ಟೇ ದೊಡ್ಡಮ್ಮ."

ಉತ್ತರ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ದೊಡ್ಡಮ್ಮ ತಲೆ ವಾಲಿಸಿ ಬೇರೇನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮೇಜು ಹಿಡಿದು ಎದ್ದಳು. ಎದ್ದವಳು ತನ್ನ ತಲೆಗೆ ಕಟ್ಟಿದ್ದ ಶಾಲಿನ ಗಂಟು ಬಿಚ್ಚತೊಡಗಿದಳು. ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟಳು. ಬೆಳ್ಳಗಿನ ತೆಳು ಕೂದಲು ದೀಪಕ್ಕೆ ಹೊಳೆಯಿತು. ಅವಳು ಬರಿತಲೆಯಲ್ಲಿ ಬಾಗಿಲ ಕಡೆಗೆ ಹೊರಟದ್ದನ್ನು ರಾವ್ನಾ ಎಂದೂ ಕಂಡಿರಲಿಲ್ಲ.

"ಎಲ್ಲಿಗೆ?"

"ಬಂದಿದೆ ಅದು, ಹೊರಗೆ. ಕೈ ಹಿಡ್ಕೋ, ಮೆಟ್ಟಿಲು ಜಾರುತ್ತೆ."

"ನಿಂಗೆ ಕಾಣಲ್ಲವಲ್ಲ ದೊಡ್ಡಮ್ಮ. ಈ ಚಳೀಲಿ..."

"ನಾನು ಕನ್ನಡಿ ಹಿಡ್ಕೊಂಡು ಅದನ್ನ ಏಳು ಸಲ ನೋಡಿದೆ. ಅದೂ ನನ್ನ ಒಂದ್ಸಲ ನೋಡ್ಲಿ. ಕದ್ದು ನೋಡೋ ಜನ ಅಲ್ಲ ನಾವು."

ಇಬ್ಬರೂ ಮೆಟ್ಟಿಲ ಮೇಲೆ ನಿಂತರು. ಅಂಗಳದ ಹಿಮದ ಮೇಲೆ ಹಸಿರು ಹರಿದಾಡುತ್ತಿತ್ತು. ದೊಡ್ಡಮ್ಮ ಮುಖ ಎತ್ತಿದಳು. ಎತ್ತಿದ್ದು ಬೆಳಕಿಲ್ಲದ ಕಡೆಗೆ, ಹೊಗೆ ಕೊಳವೆಯ ಕಡೆಗೆ. ರಾವ್ನಾ ಅವಳ ಹೆಗಲು ಹಿಡಿದು ಮೆಲ್ಲಗೆ ಹೊಳೆಯ ಕಡೆಗೆ ತಿರುಗಿಸಿದಳು. ಅವಳು ಕಣ್ಣು ತೆರೆದೇ ನಿಂತಳು. ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು, ಅದಕ್ಕಿಂತ ಹೆಚ್ಚು ಹೊತ್ತು, ಒಂದಿಷ್ಟೂ ಅಲ್ಲಾಡದೆ ನಿಂತಳು. ಕೂದಲನ್ನು ಯಾರೂ ಎಳೆಯಲಿಲ್ಲ.

"ರಾವ್ನಾ," ಅಂದಳು.

"ಏನ್ ದೊಡ್ಡಮ್ಮ?"

"ನಿಮ್ಮಮ್ಮ ಜ್ವರ ಬಂದು ಸತ್ಲು ಕಣೇ."

"ಗೊತ್ತು ದೊಡ್ಡಮ್ಮ."

"ನಂಗೆ ಗೊತ್ತಿರ್ಲಿಲ್ಲ," ಅಂದಳು ದೊಡ್ಡಮ್ಮ.